ಮಾತಾಡಬ್ಯಾಡ್ರಿ, ರೆಕಾರ್ಡಿಂಗ್ ನಡದದ

೨೦೦೪ರ ಫೆಬ್ರವರಿ, ಎರಡನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಹಾಜರಿದ್ದವರು ಮೂವರು: ಎದುರು ಮನೆಯ ವೈನಿ, ವಡೋದರಾದಿಂದ ರಜೆ ಹಾಕಿ ಬಂದಿದ್ದ ಅವರ ಮಗಳು, ನಾನು. ನಾಲ್ಕನೆಯವರಾಗಿ ನಮ್ಮ ಕನ್ನಡ ಸಂಘದ ಸೆಕ್ರೆಟರಿ ಬರಬೇಕಿತ್ತು. ಅವರು ಎಂಟಕ್ಕೆ ಬರುತ್ತೇನೆಂದು ಹೇಳಿ ಹತ್ತಕ್ಕೆ ಬರುವ ಜಾತಿಯ ಮನುಷ್ಯ. ಮನೆಯ ಯಜಮಾನರ ವೈಕುಂಠ ಸಮಾರಾಧನೆ ಮುಗಿದು ಮೂರು ದಿನವಾಗಿತ್ತು. ಈ ಬರಹ ಅವರನ್ನು ಕುರಿತದ್ದು.

ಸತ್ತವರ ವಿಷಯದಲ್ಲಿ ಒಳ್ಳೆಯದನ್ನಷ್ಟೇ ಹೇಳುವ ಪದ್ಧತಿ ಇದೆ. ಆ ಕೆಲಸವನ್ನು ಸಂಘದವರು ಸಂತಾಪ ಸಭೆಯಲ್ಲಿ ಮಾಡಿ ಮುಗಿಸಿದ್ದಾರೆ. ನಾನು ರೈಲ್ವೆ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಮುಂದಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಹೋಗಬೇಕೆಂದು ನಮಗೆ ಕಲಿಸಿದ್ದರು. ಎದುರು ಮನೆಯ ಯಜಮಾನರ ವಿಷಯದಲ್ಲೂ ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ.

ಅವರು ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ಸೂರತ್, ವಡೋದರಾ, ಕೊನೆಗೆ ಅಹಮದಾಬಾದ್ ಎಂದು ಗುಜರಾತಿನೊಳಗೇ ವರ್ಗವಾಗುತ್ತ ಬಂದು, ಸ್ಯಾಟಲೈಟ್ ಎಂಬ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟು ಕೊಂಡರು. ಅವರ ಕೈಕೆಳಗಿನ ಹುಡುಗರೆಲ್ಲ ಅವರ ಹೆಂಡತಿಯನ್ನು ವೈನಿ, ಎಂದರೆ ಅತ್ತಿಗೆ, ಎಂದು ಕರೆಯುತ್ತಿದ್ದುದರಿಂದ ನನಗೂ ಅವರು ವೈನಿಯಾದರು. ಬ್ಯಾಂಕಿನಲ್ಲಿ ಸ್ವಯಂನಿವೃತ್ತಿ ಯೋಜನೆ ಬಂದಾಗ ಯಜಮಾನರು ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದರು. ಇನ್ನೂ ಗಟ್ಟಿಯಾಗಿದ್ದೀರಿ, ಯಾಕಿಷ್ಟು ಅವಸರ ಎಂದು ಕೇಳಿದೆ.

"ಆಫೀಸಿಗೆ ಹೋದ್ರ ಮಧ್ಯಾಹ್ನದ್ದು ತಪ್ತದರಿ ಸಿಸ್ಟರ್" ಎಂದರು.

ಮಧ್ಯಾಹ್ನದ್ದು ಎಂದರೆ ಕನ್ನಡ ಚಾನೆಲ್ಲಿನ ಧಾರಾವಾಹಿ. ನೋಡುವುದಕ್ಕಲ್ಲ, ವೀಡಿಯೋ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡುವುದಕ್ಕೆ.

ಅದು ಸಿ.ಡಿ.ಗಳು ಬಂದು ವೀಡಿಯೋ ಲೈಬ್ರರಿಗಳು ಒಂದೊಂದಾಗಿ ಮೊಬೈಲ್ ಫೋನಿನ ಅಂಗಡಿಗಳಾಗುತ್ತಿದ್ದ ಕಾಲ. ಬುದ್ಧಿಯಿದ್ದವರು ವಿಸಿಆರನ್ನು ಅಟ್ಟಕ್ಕೆ ಹಾಕಿದ್ದರು. ಇವರು ಅದೇ ಸಮಯ ನೋಡಿ, ಮುಚ್ಚುವ ಅಂಗಡಿಗಳಿಂದ ಖಾಲಿ ಕ್ಯಾಸೆಟ್‌ಗಳನ್ನು ಡಬ್ಬಗಟ್ಟಲೆ ತಂದರು. ನಿವೃತ್ತಿಯ ಹಣ ಬಂದಾಗ ಮಾಡಿದ ಎರಡು ಖರ್ಚು ನನಗೆ ನೆನಪಿವೆ. ಒಂದು, ನೆಲದಿಂದ ಸೂರಿನವರೆಗೆ ಮುಟ್ಟುವ ಕಬ್ಬಿಣದ ಕಪಾಟುಗಳು. ಇನ್ನೊಂದು ಎ.ಸಿ. ಎರಡೂ ಮಲಗುವ ಕೋಣೆಗೆ. ಮನೆಯಲ್ಲಿದ್ದದ್ದು ಅದೊಂದೇ ಕೋಣೆ. ಅದು ಬಿಟ್ಟರೆ ಹಾಲು, ಅಡಿಗೆಮನೆ. ಕೋಣೆ ಕ್ಯಾಸೆಟ್‌ಗಳದ್ದಾಯಿತು. ಗಂಡ ಹೆಂಡತಿ ಹಾಲಿಗೆ ಬಂದರು. ದೂಳು ಬೀಳುತ್ತದೆಂದು ವೈನಿಗೆ ಒಳಗೆ ಕಾಲಿಡುವ ಅಪ್ಪಣೆಯಿರಲಿಲ್ಲ. ಅಹಮದಾಬಾದಿನ ಮೇ ತಿಂಗಳಲ್ಲಿ ಮುಚ್ಚಿದ ಬಾಗಿಲ ಹಿಂದೆ ಕ್ಯಾಸೆಟ್‌ಗಳು ಎ.ಸಿ.ಯಲ್ಲಿ ತಣ್ಣಗೆ ನಿಂತಿರುತ್ತಿದ್ದವು. ವೈನಿ ಹಾಲಿನ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನಿನ ಕೆಳಗೆ ಚಾಪೆ ಹಾಕಿ ಮಲಗುತ್ತಿದ್ದರು. ಹಾಲಿಗೆ ಯಾವಾಗ ಯಾರು ಬರುತ್ತಾರೋ ಗೊತ್ತಿಲ್ಲ; ಆದ್ದರಿಂದ ಆ ಹೆಂಗಸು ತನ್ನದೇ ಮನೆಯಲ್ಲಿ ಸೀರೆ ಉಡಬೇಕಾದರೆ ಬಚ್ಚಲಿಗೆ ಹೋಗಬೇಕಿತ್ತು. ಒದ್ದೆ ನೆಲ, ಮೊಳಕಾಲವರೆಗೆ ಎತ್ತಿ ಹಿಡಿದ ನೆರಿಗೆ. ಇದನ್ನು ಅವರು ಒಮ್ಮೆ ನಗುತ್ತಾ ಹೇಳಿದ್ದರು. ನಾನು ನಗಲಿಲ್ಲ.

ಯಜಮಾನರ ವಿಸಿಆರಿಗೆ ಕೆಲವು ನಿಯಮಗಳಿದ್ದವು. ಮೊದಲನೆಯದು ಮೌನ. ರೆಕಾರ್ಡಿಂಗಿನ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡಕೂಡದು. ಚಿಕ್ಕ ವಯಸ್ಸಿನಲ್ಲಿ ಅವರು ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿಯುತ್ತಿದ್ದರಂತೆ. ಆಗ ಅವರ ಅಕ್ಕ ಸೀನಿದ್ದು ಒಂದು ಹಾಡಿನ ಮಧ್ಯೆ ಕೂತುಬಿಟ್ಟಿತ್ತಂತೆ. ಆ ಸೀನಿಗೆ ವೈನಿ ಜನ್ಮವಿಡೀ ದಂಡ ಕಟ್ಟಿದರು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಓಡಿಹೋಗಿ ಕೆಳಗಿಳಿಸಬೇಕು. ಬಾಗಿಲ ಗಂಟೆಯ ವೈರು ಕಿತ್ತಿಟ್ಟಿದ್ದರು. ಚಹಾ ಬೇಕಾದರೆ ಎರಡು ಬೆರಳು, ನೀರು ಬೇಕಾದರೆ ಹೆಬ್ಬೆರಳು. ಒಂದು ಮಧ್ಯಾಹ್ನ ನಾನು ಹೋಗಿ "ವೈನಿ, ಒಂದಿಷ್ಟು ಹೆಪ್ಪು ಕೊಡಿ" ಎಂದೆ. ಒಳಗಿಂದ ಯಜಮಾನರು ಬೆಕ್ಕಿನ ಹಾಗೆ ಬಂದು ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು: "ಮಾತಾಡಬ್ಯಾಡ್ರಿ, ರೆಕಾರ್ಡಿಂಗ್ ನಡದದ."

"ಅದು ವೈರಿನಲ್ಲಿ ಬರುತ್ತದೆ. ನಿಮ್ಮ ವಿಸಿಆರಿಗೆ ಕಿವಿ ಇಲ್ಲ" ಎಂದು ನಾನು ಇರುವ ಗಂಟಲಿನಲ್ಲೇ ಹೇಳಿದೆ.

"ಸಿಸ್ಟರ್, ನಿಮಗ ಇಂಜೆಕ್ಷನ್ ಗೊತ್ತು. ಇದು ಗೊತ್ತಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಹೆಪ್ಪನ್ನು ವೈನಿ ಅಡಿಗೆಮನೆಯ ಕಿಟಕಿಯಿಂದ ಕೊಟ್ಟರು.

ಎರಡನೆಯ ನಿಯಮ ಇನ್ನೂ ವಿಚಿತ್ರ. ರೆಕಾರ್ಡಿಂಗ್ ನಡೆಯುವಾಗ ಟಿವಿ ಹಾಕಬಾರದು. ನೋಡಿದರೆ ಕೇಬಲ್ಲಿನಲ್ಲಿ ಬರುವ ಶಕ್ತಿ ಎರಡು ಪಾಲಾಗಿ ಟೇಪಿನ ಮೇಲೆ ಬಣ್ಣ ತೆಳುವಾಗುತ್ತದೆ ಎಂದು ಅವರ ಸಿದ್ಧಾಂತ. ಹಾಗಾಗಿ ಟಿವಿ ಆರಿರುತ್ತಿತ್ತು, ವಿಸಿಆರಿನ ಕೆಂಪು ದೀಪ ಉರಿಯುತ್ತಿತ್ತು, ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಅವರು ಆ ದೀಪವನ್ನು ನೋಡುತ್ತ ಕೂತಿರುತ್ತಿದ್ದರು. ಆಸ್ಪತ್ರೆಯಲ್ಲಿ ಡ್ರಿಪ್ ಬಾಟಲಿಯನ್ನು ಹಾಗೆ ಕಾದು ಕೂರಿ ಎಂದು ಎಷ್ಟು ಸಲ ಹೇಳಿದರೂ ನಮ್ಮ ಹುಡುಗಿಯರು ಕೂರುತ್ತಿರಲಿಲ್ಲ. ಶ್ರದ್ಧೆಯನ್ನು ದೇವರು ತಪ್ಪು ವಿಳಾಸಕ್ಕೆ ಹಂಚುತ್ತಾನೆ.

ಮುಗಿದ ಕೂಡಲೇ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಪ್ಲಾಸ್ಟಿಕ್ ಚೂರನ್ನು ಸ್ಕ್ರೂಡ್ರೈವರಿನಿಂದ ಮುರಿಯುತ್ತಿದ್ದರು. ಅದನ್ನು ಮುರಿದರೆ ಆ ಟೇಪಿನ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಇದಕ್ಕೆ ಅವರು ಹಲ್ಲು ಕೀಳುವುದು ಎನ್ನುತ್ತಿದ್ದರು. "ಹಲ್ಲು ಕಿತ್ತೆ. ಇನ್ನ ಇದು ಶಾಶ್ವತ" ಎಂದು ಹೇಳಿ ಕಪಾಟಿಗೇರಿಸುವರು. ಕ್ಯಾಸೆಟ್ಟಿನ ಹಣೆಯ ಮೇಲೆ ಧಾರಾವಾಹಿಯ ಹೆಸರು, ಕಂತು, ವಾರ, ಎಲ್ಲ ದುಂಡಗಿನ ಅಕ್ಷರದಲ್ಲಿ. ಚೀಟಿಯನ್ನು ರೆಕಾರ್ಡಿಂಗಿಗೆ ಮುಂಚೆಯೇ ಬರೆದು ಅಂಟಿಸಿರುತ್ತಿದ್ದರು. ಔಷಧಿ ತುಂಬುವ ಮುಂಚೆ ಬಾಟಲಿಗೆ ಚೀಟಿ ಅಂಟಿಸಿದ ಕಾಂಪೌಂಡರನ್ನು ನಾನು ಕೆಲಸದಿಂದ ತೆಗೆಸಿದ್ದೆ.

ಹಾಗಾದರೆ ನೋಡುವುದು ಯಾವಾಗ?

"ಪೂರ್ತಿ ಮುಗೀಲಿ. ಮೊದಲಿಂದ ಕಡೀತನಕ ಒಮ್ಮೆಲೇ ಕೂತು ನೋಡೋದು" ಎನ್ನುತ್ತಿದ್ದರು. ಆ ಧಾರಾವಾಹಿ ಮುಗಿಯುವ ಲಕ್ಷಣವೇ ಇರಲಿಲ್ಲ. ವಾರಕ್ಕೆ ಐದು ದಿನ ಬರುತ್ತಿತ್ತು. ಸತ್ತವರು ಬದುಕಿ ಬರುತ್ತಿದ್ದರು, ಮದುವೆಯಾದವರು ಮತ್ತೆ ಮದುವೆಯಾಗುತ್ತಿದ್ದರು. ಇವರು ಅದರ ಮುಕ್ತಾಯಕ್ಕಾಗಿ ಕಾಯುತ್ತಿದ್ದರು.

ಇನ್ನೊಬ್ಬರಿಗೆ ತೋರಿಸುತ್ತಿದ್ದರೇ ಎಂದರೆ ಅದೂ ಇಲ್ಲ. ಒಂದು ಯುಗಾದಿಗೆ ಸಂಘದ ನಾಲ್ಕೈದು ಸಂಸಾರ ಮಕ್ಕಳೊಂದಿಗೆ ಬಂದಿದ್ದವು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು, ಅವಕ್ಕೆ ಕನ್ನಡ ಅರ್ಧ ಬರುತ್ತದೆ. ಒಂದು ಒಳ್ಳೆಯ ಕನ್ನಡ ಸಿನಿಮಾ ಹಾಕಿ ತೋರಿಸಿ ಎಂದು ತಾಯಂದಿರು ಕೇಳಿದರು. ಇವರು ಮಕ್ಕಳನ್ನು ಕೋಣೆಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ, ಕೈ ಹಿಂದೆ ಕಟ್ಟಿಸಿ, ಕಪಾಟುಗಳನ್ನು ಈ ತುದಿಯಿಂದ ಆ ತುದಿಗೆ ತೋರಿಸಿದರು. ಮಕ್ಕಳು ಕ್ಯಾಸೆಟ್ಟಿನ ಬೆನ್ನುಗಳನ್ನು ನೋಡಿಕೊಂಡು ಬಂದವು. ಸಿನಿಮಾ ಹಾಕಲಿಲ್ಲ. ಹಾಕಿದರೆ ಹೆಡ್ ಸವೆಯುತ್ತದಂತೆ.

ಆ ಹೆಡ್ಡಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ವಿಸಿಆರಿನ ಒಳಗೆ ಟೇಪನ್ನು ಓದುವ ಗುಂಡನೆಯ ಭಾಗವೇ ಹೆಡ್. ಅದನ್ನು ತಿಂಗಳಿಗೊಮ್ಮೆ ಸ್ಪಿರಿಟ್ಟಿನಿಂದ ಒರೆಸುತ್ತಿದ್ದರು. ಆಸ್ಪತ್ರೆಯಿಂದ ಸ್ವಲ್ಪ ತಂದುಕೊಡಿ ಎಂದು ಕೇಳಿ ನನ್ನಿಂದ ಬೈಸಿಕೊಂಡು, ಆಮೇಲೆ ತಾವೇ ಕೊಂಡು ತಂದರು. ಒಮ್ಮೆ ನಾನು ಎದುರಿಗೆ ಕೂತು ನೋಡಿದೆ. ಕೈ ತೊಳೆದು, ಉಗುರು ನೋಡಿಕೊಂಡು, ಹತ್ತಿಯನ್ನು ಹದವಾಗಿ ಅದ್ದಿ, ಒಂದೇ ದಿಕ್ಕಿಗೆ ಮೆಲ್ಲಗೆ ಒರೆಸಿದರು. ಒಮ್ಮೆ ಮುಟ್ಟಿಸಿದ ಹತ್ತಿಯನ್ನು ಮತ್ತೆ ಮುಟ್ಟಿಸಲಿಲ್ಲ. ಗಾಯ ತೊಳೆಯುವುದನ್ನು ಅಷ್ಟು ಶುದ್ಧವಾಗಿ ಮಾಡುವ ಕೈಗಳನ್ನು ನಾನು ನನ್ನ ವಾರ್ಡಿನಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದೇನೆ. ಆ ಹೊತ್ತು ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಇದನ್ನು ಅವರ ಪರವಾಗಿ ಬರೆದಿದ್ದೇನೆ. ಬೇರೆ ಹುಡುಕಿದರೆ ಸಿಗುತ್ತಿಲ್ಲ.

ಭೂಕಂಪದ ಬೆಳಿಗ್ಗೆಯದನ್ನು ಬಿಡುವಂತಿಲ್ಲ. ೨೦೦೧ರ ಗಣರಾಜ್ಯೋತ್ಸವ. ಇವರು ದೆಹಲಿಯ ಪರೇಡ್ ರೆಕಾರ್ಡ್ ಮಾಡುತ್ತಿದ್ದರು. ಕಟ್ಟಡ ಅಲುಗಿದಾಗ ನಾವೆಲ್ಲ ಇದ್ದ ಬಟ್ಟೆಯಲ್ಲಿ ಮೆಟ್ಟಿಲಿಳಿದು ಓಡಿದೆವು. ವೈನಿ ಬರಿಗಾಲಲ್ಲಿ ಬಂದು ನನ್ನ ರಟ್ಟೆ ಹಿಡಿದು ನಿಂತರು. ಯಜಮಾನರ ಪತ್ತೆಯಿಲ್ಲ. ಎಲ್ಲರೂ ತಲೆಯೆತ್ತಿ ಮೇಲೆ ನೋಡುತ್ತಿರುವಾಗ ಅವರು ವಿಸಿಆರನ್ನು ಎದೆಗೆ ಅವಚಿಕೊಂಡು, ವೈರನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಇಳಿದು ಬಂದರು. ಹೆಂಡತಿ ಎಲ್ಲಿ ಎಂದು ಕೇಳಲಿಲ್ಲ. "ಪರೇಡ್ ಅರ್ಧಕ್ಕ ನಿಂತುಬಿಡ್ತಲ್ರಿ" ಎಂದರು. ನಾನು ಅಲ್ಲಿಂದಲೇ ಆಸ್ಪತ್ರೆಗೆ ಹೋದೆ. ಅಲ್ಲಿ ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಮೂರನೆಯ ದಿನ ಮನೆಗೆ ಮರಳಿದಾಗ ಎದುರಿಗೆ ಸಿಕ್ಕಿ ಅವರು ಕೇಳಿದ ಮೊದಲ ಪ್ರಶ್ನೆ, ಟಿವಿಯವರು ಪರೇಡನ್ನು ಮತ್ತೊಮ್ಮೆ ತೋರಿಸುವರಂತೆಯೇ ಎಂಬುದು.

ಸಾವು ಬಂದದ್ದು ಜನವರಿಯ ನಾಲ್ಕನೆಯ ವಾರದ ಒಂದು ಮಧ್ಯಾಹ್ನ. ಯಜಮಾನರಿಗೆ ಎದೆನೋವೆಂದು ವೈನಿ ಬಂದು ಬಾಗಿಲು ಬಡಿದರು. ನಾನು ನಾಡಿ ಹಿಡಿದು ನೋಡಿದೆ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಸ್ಟ್ರೆಚರ್ ಮೇಲೆ ಮಲಗಿಸಿ ಇಳಿಸುವಾಗ ಅವರು ವೈನಿಯ ಸೆರಗು ಹಿಡಿದು ಏನೋ ಹೇಳಲು ಹವಣಿಸಿದರು. ನಾನು ಹೊತ್ತವರನ್ನು ನಿಲ್ಲಿಸಿದೆ. ಮೂವತ್ತೈದು ವರ್ಷದ ಸಂಸಾರ, ಒಂದು ಮಾತು ಇರಬಹುದು ಎಂದುಕೊಂಡೆ.

"ಟೈಮರ್ ಹಾಕೇನಿ. ಮುಟ್ಟಬ್ಯಾಡ" ಎಂದರು.

ಅದೇ ಕೊನೆಯ ಮಾತು. ಎದುರಿಗೆ ಕೂತು ಕಾಯದೆ ಅವರು ವಿಸಿಆರಿನ ಟೈಮರನ್ನು ನಂಬುತ್ತಿದ್ದುದು ತೀರಾ ಅನಿವಾರ್ಯವಾದಾಗ ಮಾತ್ರ. ಆಸ್ಪತ್ರೆ ತಲುಪಿದ ಮೇಲೆ ಮಾತಿಲ್ಲ. ಟೈಮರ್ ಹೊತ್ತಿಗೆ ಸರಿಯಾಗಿ ಚಾಲೂ ಆಗಿ, ಧಾರಾವಾಹಿಯ ವೇಳೆ ಮುಗಿದ ಮೇಲೆ ತಾನಾಗಿ ನಿಂತಿತು.

ಸಂತಾಪ ಸಭೆಯಲ್ಲಿ ಸೆಕ್ರೆಟರಿ ಮಾಡಿದ ಭಾಷಣದಿಂದ ತೊಂದರೆ ಶುರುವಾಯಿತು. ಈ ಸೆಕ್ರೆಟರಿ ಕುಂದಾಪುರದ ಕಡೆಯವರು. ಅಹಮದಾಬಾದಿನಲ್ಲಿ ಅವರ ಉಡುಪಿ ಹೋಟೆಲು ಚೆನ್ನಾಗಿ ನಡೆಯುತ್ತದೆ, ದೋಸೆಗೆ ಹೆಸರು ಮಾಡಿದ್ದಾರೆ, ಭಾಷಣಕ್ಕೂ ಮಾಡಬೇಕೆಂಬ ಆಸೆ. ಹಿಂದೆ ಒಂದು ಸಿನಿಮಾ ರೆಕಾರ್ಡ್ ಮಾಡಿದರೆ ಹತ್ತು ಮನೆಯವರು ಚಾಪೆ ಹಾಸಿ ನೋಡುತ್ತಿದ್ದರೆಂದೂ, ಆ ಕಾಲ ಹೋಯಿತೆಂದೂ, ಗುಜರಾತಿನ ಕನ್ನಡಿಗರ ಪಾಲಿಗೆ ಆ ಕಾಲವನ್ನು ಹಿಡಿದಿಟ್ಟ ಮಹಾನುಭಾವರು ಇವರೆಂದೂ ಹೇಳಿ ಕಣ್ಣೊರೆಸಿಕೊಂಡರು. ಸಭೆಯಲ್ಲಿದ್ದವರೂ ಒರೆಸಿಕೊಂಡರು. ಅವರಲ್ಲಿ ಯುಗಾದಿಯಂದು ಬೆನ್ನು ನೋಡಿ ಬಂದ ಮಕ್ಕಳ ತಾಯಂದಿರೂ ಇದ್ದರು. ಆಮೇಲೆ ಸೆಕ್ರೆಟರಿ ಆ ಕೋಣೆಯನ್ನು ಹಾಗೇ ಉಳಿಸಿ, ಮೇಲೊಂದು ಫಲಕ ಹಾಕಿ, ಭಾನುವಾರಗಳಂದು ಜನ ಬಂದು ನೋಡುವಂತೆ ಸಂಘ ನಿರ್ಧರಿಸಿದೆ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಕೋಣೆ ಯಾರದ್ದೋ ಅವರನ್ನು ಯಾರೂ ಕೇಳಲಿಲ್ಲ.

ಅಂದು ರಾತ್ರಿಯೇ ವೈನಿ ನನ್ನ ಮನೆಗೆ ಬಂದು ಹೇಳಿದ್ದರು. "ಅಕ್ಕಾರ, ಆ ರೂಮು ನಂಗ ಬೇಕು. ಫಲಕ ಬಡದ್ರ ಮುಗೀತು, ಮತ್ತ ನಂಗ ಸಿಗೂದಿಲ್ಲ. ಅದರ ಮುಂಚೆ ಖಾಲಿ ಮಾಡಿಸಿ ಕೊಡ್ರಿ."

"ನೀವೇ ಬೇಡ ಅಂತ ಹೇಳಿಬಿಡಿ."

"ಅವ್ರು ಅಳ್ತಾರ್ರೀ. ಅಳೋರ ಮುಂದ ನಂಗ ಮಾತು ಬರೂದಿಲ್ಲ."

ಆದ್ದರಿಂದ ನಾನು ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಾಜರಾದೆ. ಭಂಗಾರ್‌ವಾಲಾನಿಗೆ, ಎಂದರೆ ನಮ್ಮ ಬೀದಿಯ ಹಳೇ ಸಾಮಾನಿನವನಿಗೆ, ಹನ್ನೊಂದಕ್ಕೆ ಕೈಗಾಡಿ ತರಲು ಹೇಳಿದ್ದೆ. ಮಗಳು ವಡೋದರಾದ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ಅಮ್ಮನನ್ನು ತನ್ನಲ್ಲಿಗೆ ಕರೆದುಕೊಂಡು ಹೋಗುವುದು, ಫ್ಲ್ಯಾಟನ್ನು ಬಾಡಿಗೆಗೆ ಕೊಡುವುದು ಎಂದು ಅವಳು ತೀರ್ಮಾನಿಸಿಯಾಗಿತ್ತು. ಅವಳಿಗೂ ಕೋಣೆ ಖಾಲಿಯಾಗಬೇಕಿತ್ತು.

ಸೆಕ್ರೆಟರಿ ಹತ್ತು ಗಂಟೆಗೆ ಬಂದರು. ಕೈಯಲ್ಲಿ ಹೂವಿನ ಹಾರ, ಫಲಕದ ಅಳತೆ ತೆಗೆಯಲು ಟೇಪು. ಪರಿಸ್ಥಿತಿ ತಿಳಿದು ಕುರ್ಚಿಯಲ್ಲಿ ಕುಸಿದರು.

"ಎಂತ ಹೇಳ್ತೀರಿ ಮೇಡಂ? ಭಂಗಾರಕ್ಕಾ? ಅವರು ಇಡೀ ಜೀವ ತೇದದ್ದಲ್ವಾ?"

"ತೇದದ್ದು ಹೆಂಡತಿಯದ್ದು. ಕ್ಯಾಸೆಟ್ ನಿಮಗೆ ಬೇಕಾದರೆ ನಿಮ್ಮ ಹೋಟೆಲಿಗೆ ಒಯ್ಯಿರಿ. ಇವತ್ತೇ ಒಯ್ಯಿರಿ."

"ಹೋಟೆಲಲ್ಲಿ ಜಾಗ ಎಲ್ಲುಂಟು ಮಾರಾಯ್ರೆ? ಎಣ್ಣೆ ಹೊಗೆ, ಜಿರಲೆ. ಇಂಥದ್ದೆಲ್ಲ ಇದ್ದಲ್ಲಿಯೇ ಇರಬೇಕು."

"ಹಾಗಾದರೆ ವೈನಿ ಎಲ್ಲಿರಬೇಕು?"

ಅವರು ಮಗಳ ಕಡೆ ತಿರುಗಿದರು. "ನೀನಾದ್ರೂ ಹೇಳು ಮಗಾ. ನಿನ್ನ ಅಪ್ಪನ ನೆನಪು."

"ಅಂಕಲ್, ಪಪ್ಪಾ ನನಗೆ ಒಂದು ಬಾರ್ ಭೀ ಪ್ಲೇ ಮಾಡಿ ತೋರಿಸಿಲ್ಲ" ಎಂದಳು ಮಗಳು, ಹಿಂದಿ ಬೆರೆತ ತನ್ನ ಕನ್ನಡದಲ್ಲಿ. "ನನಗೆ ಪತಾ ಭೀ ಇಲ್ಲ ಅದ್ರಲ್ಲಿ ಏನಿದೆ."

"ಹಾಗಾದ್ರೆ ನೋಡುವ" ಎಂದು ಸೆಕ್ರೆಟರಿ ಎದ್ದರು. ಅವರಿಗೆ ಹೊಸ ಹುರುಪು ಬಂತು. "ಒಂದು ಹಾಕಿ ನೋಡುವ. ನೋಡಿದ ಮೇಲೂ ಬಿಸಾಡಬೇಕು ಅಂತ ಅನಿಸಿದ್ರೆ ನಾನು ಒಂದು ಮಾತು ಆಡುದಿಲ್ಲ. ಆಯ್ತಾ?"

ನಾನು ವೈನಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ನನಗೆ ಅಳುಕಾಯಿತು. ಒಳ್ಳೆಯದೇನಾದರೂ ಕಾಣಿಸಿದರೆ ಈ ಮನುಷ್ಯ ಮತ್ತೆ ಅಳುತ್ತಾನೆ, ಮಗಳೂ ಕರಗಬಹುದು, ವೈನಿ ಮತ್ತೆ ಬಚ್ಚಲಿಗೆ ಹೋಗಿ ಸೀರೆ ಉಡಬೇಕು. ಆದರೆ ಮಾತು ನ್ಯಾಯವಾಗಿತ್ತು. ಹಾಕಿ ಎಂದೆ.

ವಿಸಿಆರಿನೊಳಗೆ ಒಂದು ಕ್ಯಾಸೆಟ್ ಇದ್ದೇ ಇತ್ತು. ಟೈಮರ್ ಹಾಕಿ ಹೋದದ್ದು. ಅದು ಗೊತ್ತಾದ ಕೂಡಲೇ ಸೆಕ್ರೆಟರಿ ಹಾರವನ್ನು ಕೈಗೆತ್ತಿಕೊಂಡರು. "ಅವರ ಕೊನೆಯ ರೆಕಾರ್ಡಿಂಗ್" ಎಂದು ಹೇಳಿ, ವಿಸಿಆರಿಗೆ ಹಾರ ಹಾಕಿ, ನಮ್ಮೆಲ್ಲರನ್ನೂ ಎಬ್ಬಿಸಿ ನಿಲ್ಲಿಸಿದರು. ಟೇಪು ಹಿಂದಕ್ಕೆ ಸುತ್ತುವವರೆಗೆ ಕೈಮುಗಿದುಕೊಂಡೇ ಇದ್ದರು. ಮಗಳು ಟಿವಿ ಹಾಕಿ ಪ್ಲೇ ಒತ್ತಿದಳು.

ಪರದೆಯ ಮೇಲೆ ಒಬ್ಬ ಹೆಂಗಸು ಬಂದು ಗುಜರಾತಿಯಲ್ಲಿ ನಮಸ್ಕಾರ ಮಾಡಿ, ಸೋರೆಕಾಯಿ ತುರಿಯಲು ಶುರುಮಾಡಿದಳು.

ಹೆಂಗಸು ತುರಿಯನ್ನು ಹಿಂಡಿ ನೀರು ತೆಗೆದಳು. ಹುಳಿ ಬರಿಸಿದ ಹಿಟ್ಟಿಗೆ ಹಾಕಿದಳು. ಎಳ್ಳು ಉದುರಿಸಿದಳು.

"ಎಂತ ಇದು?" ಎಂದರು ಸೆಕ್ರೆಟರಿ, ಇನ್ನೂ ಕೈಮುಗಿದುಕೊಂಡೇ.

"ಹಾಂಡ್ವೋ" ಎಂದಳು ಮಗಳು. ಹಾಂಡ್ವೋ ಎಂದರೆ ಇಲ್ಲಿಯವರು ಮಾಡುವ ಖಾರದ ಗಟ್ಟಿ ಕಡುಬಿನಂಥ ತಿಂಡಿ.

"ಟೈಮರ್ ಹಾಕುವಾಗ ತಪ್ಪಿರಬೇಕು. ಪಾಪ, ಎದೆನೋವು ಬಂದ ದಿನ ಅಲ್ವಾ. ಬೇರೆ ಹಾಕುವ."

ಕಪಾಟಿನ ನಡುವಿನಿಂದ ತಾವೇ ಒಂದನ್ನು ಆರಿಸಿದರು. ಹಣೆಯ ಮೇಲೆ ದುಂಡಗೆ ಧಾರಾವಾಹಿಯ ಹೆಸರಿತ್ತು, ಹಲ್ಲು ಕಿತ್ತಿತ್ತು. ಅದರಲ್ಲಿ ಅದೇ ಹೆಂಗಸು ಬೇರೆ ಸೀರೆ ಉಟ್ಟು ಕಡಲೆಹಿಟ್ಟಿನ ಸುರುಳಿ ತಿಂಡಿ ಖಾಂಡ್ವಿ ಸುತ್ತುತ್ತಿದ್ದಳು. ಮೂರನೆಯದರಲ್ಲಿ ಉಪ್ಪಿನಕಾಯಿ. ನಾಲ್ಕನೆಯದರಲ್ಲಿ ಕೇಬಲ್‌ನವನು ಹಾಕಿದ ಸೀರೆ ಅಂಗಡಿಯ ಜಾಹೀರಾತು, ಅಂಗಡಿಯಾತನ ಮಾವನ ಭಾಷಣ ಸಹಿತ. ಐದನೆಯದು ಮತ್ತೆ ಅಡಿಗೆ. ಸೆಕ್ರೆಟರಿ ಈ ಕಪಾಟಿನಿಂದ ಆ ಕಪಾಟಿಗೆ ಓಡಾಡಿದರು. ಸೂರತ್ತಿನಿಂದ ಬಂದ ಹಳೆಯ ಕ್ಯಾಸೆಟ್‌ಗಳಲ್ಲಾದರೂ ಏನಾದರೂ ಇರಬಹುದೆಂದು ಒಂದನ್ನು ಎಳೆದರು. ಸೂರತ್ತಿನ ಅಡಾಜಣ್‌ನಲ್ಲಿ ಹೊಳೆಯ ಕಡೆಯ ತೇವದ ಮನೆಯಲ್ಲಿದ್ದಾಗಲೇ ಅದಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ವಿಸಿಆರ್ ಅದನ್ನು ನುಂಗಿ, ಕರಕರ ಎಂದು ಅಗಿದು, ನಿಂತುಹೋಯಿತು.

ಆದದ್ದು ಇಷ್ಟು. ಟಿವಿಯಲ್ಲಿ ಚಾನೆಲ್ಲುಗಳನ್ನು ಕೂರಿಸುವುದು ಬೇರೆ, ವಿಸಿಆರಿನಲ್ಲಿ ಕೂರಿಸುವುದು ಬೇರೆ. ನಮ್ಮ ಕೇಬಲ್‌ನವನಿಗೆ ಮನಸ್ಸು ಬಂದಾಗಲೆಲ್ಲ ಚಾನೆಲ್ಲುಗಳ ಜಾಗ ಬದಲಿಸುವ ಚಟ. ಹಾಗೆ ಬದಲಿಸಿದಾಗ ಅವನ ಹುಡುಗ ಮನೆಮನೆಗೂ ಬಂದು ಸರಿಮಾಡಿ ಹೋಗಿದ್ದ. ಈ ಮನೆಯಲ್ಲಿ ಟಿವಿ ಸರಿಮಾಡಿ ವಿಸಿಆರಿಗೆ ಕೈ ಹಾಕಿದಾಗ ಯಜಮಾನರು ಅವನ ಮಣಿಕಟ್ಟು ಹಿಡಿದು ಹೊರಗೆ ಕಳಿಸಿದ್ದರು. ಅದು ನನಗೆ ಗೊತ್ತು. ಹುಡುಗ ನನ್ನ ಮನೆಯಲ್ಲಿ ಕೂತು ಅವರನ್ನು ಬಯ್ದಿದ್ದ. ಅಂದಿನಿಂದ ಕನ್ನಡ ಚಾನೆಲ್ಲಿದ್ದ ಜಾಗದಲ್ಲಿ ಕೇಬಲ್‌ನವನದೇ ಚಾನೆಲ್ಲು. ಟಿವಿ ಆರಿಸಿ, ಉಸಿರು ಬಿಗಿಹಿಡಿದು, ಮನೆಯವರ ಬಾಯಿ ಮುಚ್ಚಿಸಿ, ಇವರು ವರ್ಷಗಟ್ಟಲೆ ಹಾಂಡ್ವೋ ರೆಕಾರ್ಡ್ ಮಾಡಿ ಹಲ್ಲು ಕಿತ್ತು ಶಾಶ್ವತಗೊಳಿಸಿದ್ದರು.

ನನಗೆ ನಗು ಬಂತು. ತಡೆಯಲಿಲ್ಲ. ಆಗ ವೈನಿ ಬಾಯಿಬಿಟ್ಟರು.

"ನಂಗ ಗೊತ್ತಿತ್ರಿ."

ಮೂವರೂ ತಿರುಗಿದೆವು.

"ಅವ್ರು ಒಮ್ಮೆ ಊರಿಗೆ ಲಗ್ನಕ್ಕ ಹೋಗಿದ್ರು. ನಾ ಹೋಗಿದ್ದಿಲ್ಲ. ಒಂದು ಹಾಕಿ ನೋಡಿದೆ. ಬರೇ ಅಡಿಗಿ. ಇನ್ನೊಂದು ಹಾಕಿದೆ, ಅದೂ ಅಡಿಗಿ. ಛಲೋ ಹೇಳಿಕೊಡ್ತಾಳ್ರಿ ಆಕಿ. ಅವ್ರು ಬರೂತನಕ ದಿನಾ ನೋಡಿದೆ."

ಎಷ್ಟೋ ಸಂಜೆ ಅವರು ತಟ್ಟೆ ಮುಚ್ಚಿ ತಂದುಕೊಟ್ಟ ಹಾಂಡ್ವೋ ನಾನು ತಿಂದಿದ್ದೇನೆ. ಪಕ್ಕದ ಮನೆಯ ಗುಜರಾತಿಯವರು ಕಲಿಸಿರಬೇಕು ಎಂದುಕೊಂಡಿದ್ದೆ.

"ಮತ್ತೆ ಹೇಳಬಾರದಿತ್ತಾ ಅಮ್ಮ ಅವರಿಗೆ?" ಎಂದರು ಸೆಕ್ರೆಟರಿ, ತಮಗೇ ಮೋಸವಾದಂತೆ.

"ಹೇಳಿದ್ರ ಏನ್ ಮಾಡ್ತಿದ್ರು ಗೊತ್ತದೇನ್ರಿ? ಮತ್ತ ಮೊದಲಿಂದ ಶುರು ಮಾಡ್ತಿದ್ರು."

ಸೆಕ್ರೆಟರಿ ವಿಸಿಆರಿನ ಮೇಲಿನ ಹಾರವನ್ನು ನೋಡಿದರು. ಅದನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ, ಹೋಟೆಲಿನಲ್ಲಿ ಊಟದ ಹೊತ್ತು ಎಂದು ಹೊರಟರು. ಬಾಗಿಲಲ್ಲಿ ನಿಂತು ನನಗಷ್ಟೇ ಕೇಳುವಂತೆ, "ಮೇಡಂ, ಇದು ಸಂಘದಲ್ಲಿ ಯಾರಿಗೂ ಹೇಳುದು ಬೇಡ. ನಾನು ಸಭೆಯಲ್ಲಿ ಅಷ್ಟೆಲ್ಲ ಮಾತಾಡಿದ್ದೇನೆ" ಎಂದರು. ನಾನು ಯಾರಿಗೂ ಹೇಳಿಲ್ಲ. ಬರೆಯಬಾರದೆಂದು ಅವರು ಹೇಳಲಿಲ್ಲ.

ಭಂಗಾರ್‌ವಾಲಾ ಹನ್ನೊಂದಕ್ಕೆ ಸರಿಯಾಗಿ ಬಂದ. ಒಂದು ಕ್ಯಾಸೆಟ್ ಎತ್ತಿ ಅಲುಗಿಸಿ, "ಬೆಹನ್, ಇದಕ್ಕೆ ಈಗ ಯಾರೂ ಇಲ್ಲ. ಕಪಾಟು ಕೊಡ್ತೀರಾದರೆ ಇದನ್ನೂ ಒಯ್ತೇನೆ" ಎಂದು ಹಿಂದಿಯಲ್ಲಿ ಹೇಳಿದ. ಕೊಟ್ಟೆವು. ಅವನೂ ಅವನ ತಮ್ಮನೂ ಗೋಣಿಚೀಲಗಳಲ್ಲಿ ತುಂಬಿ ಇಳಿಸಿದರು. ಕೈಗಾಡಿ ಹಲವು ಸಲ ಹೋಗಿ ಬಂತು. ಮೆಟ್ಟಿಲ ಮೇಲೆ ಒಂದು ಚೀಲ ಹರಿದು ಟೇಪು ಸುರುಳಿ ಬಿಚ್ಚಿಕೊಂಡು ಒಂದನೇ ಮಹಡಿಯವರೆಗೆ ಇಳಿಯಿತು. ಕೆಳಮನೆಯ ಮಕ್ಕಳು ಅದನ್ನು ಎಳೆದುಕೊಂಡು ಅಂಗಳದಲ್ಲಿ ಓಡಿದವು. ಮಗಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವಳ ಕಣ್ಣುಗಳು ಒದ್ದೆಯಾಗಿದ್ದವು. ಅಪ್ಪ ಎಂದ ಮೇಲೆ ಅದು ಸಹಜ, ಅದಕ್ಕೆ ನಾನೇನೂ ಹೇಳುವುದಿಲ್ಲ.

ಊಟವಾದ ಮೇಲೆ ಕೋಣೆಯನ್ನು ಗುಡಿಸಿ, ಫಿನಾಯಿಲ್ ಹಾಕಿ ಎರಡು ಸಲ ತೊಳೆದೆವು. ಕಪಾಟುಗಳು ಮುಚ್ಚಿದ್ದ ಗೋಡೆಯ ಭಾಗ ಬೇರೆ ಬಣ್ಣಕ್ಕಿತ್ತು. ವರ್ಷಗಳಿಂದ ತೆರೆಯದ ಕಿಟಕಿಯ ಚಿಲಕವನ್ನು ನಾನು ಒಲೆಯ ಇಕ್ಕಳದಿಂದ ಎಳೆದು ತೆಗೆದೆ. ಹೊರಗೆ ಬೇವಿನ ಮರವಿದೆ ಎಂಬುದು ವೈನಿಗೆ ಮರೆತೇಹೋಗಿತ್ತು. ನಾಲ್ಕು ಗಂಟೆಗೆ ಹಾಲಿನ ಮಂಚ ಎಳೆದು ತಂದೆವು.

ಮಂಚ ಕೋಣೆಯೊಳಗೆ ಹೋಗುವುದನ್ನು ಕಂಡು ಮಗಳಿಗೆ ಅನುಮಾನ ಬಂತು.

"ಮಮ್ಮಿ, ಇದು ಯಾಕೆ ಅಂದರ್? ಬುಧವಾರ ಟೆಂಪೋ ಬರುತ್ತಲ್ಲಾ. ವಡೋದರಾದಲ್ಲಿ ಮನೆ ನೋಡಿದೀನಿ. ನೀನೂ ನಾನೂ ಒಂದೇ ರೂಮಲ್ಲಿ ಇರಬಹುದು."

ವೈನಿ ಹಾಸಿಗೆಯ ಚಾದರವನ್ನು ಕೊಡವಿ ಹಾಸುತ್ತಿದ್ದರು. ನಿಲ್ಲಿಸಲಿಲ್ಲ.

"ನಾ ಬರೂದಿಲ್ಲವ್ವಾ."

"ಮತ್ತೆ ಇದೆಲ್ಲಾ ಖಾಲಿ ಮಾಡಿದ್ದು?"

"ಹೋಗಲಿಕ್ಕೆ ಅಲ್ಲ. ಇರಲಿಕ್ಕೆ."

"ಅಕೇಲಿ? ಒಬ್ಬಳೇ ಇಲ್ಲಿ ಏನು ಮಾಡ್ತಿ ಮಮ್ಮಿ?"

"ಎದುರಿಗೆ ಅಕ್ಕಾರ ಇದ್ದಾರ. ಬ್ಯಾಸಿಗ್ಯಾಗ ಎ.ಸಿ. ಹಚ್ಚಿಕೊಂಡು ಮಲಗ್ತೀನಿ. ನೀ ರಜಾಕ್ಕ ಬಾ, ನಿನಗ ಹಾಲಿನ್ಯಾಗ ಹಾಸಿ ಕೊಡ್ತೀನಿ."

ಮಗಳು ನನ್ನ ಕಡೆ ನೋಡಿದಳು, ನಾನು ಬುದ್ಧಿ ಹೇಳುತ್ತೇನೆಂದು. ನನಗೆ ದಿಂಬಿನ ಗವಸು ಹಾಕುವ ಕೆಲಸ ಇತ್ತು. ಹಾಕಿದೆ.

ಬಳಿಕ ವೈನಿ ತಮ್ಮ ಸೀರೆಗಳನ್ನು ಹಾಲಿನ ಟ್ರಂಕಿನಿಂದ ತಂದು ಗೋಡೆಯೊಳಗಿನ ಬೀರುವಿನಲ್ಲಿ ಜೋಡಿಸಿದರು. ಕನ್ನಡಿಯನ್ನು ಮೊಳೆಗೆ ತೂಗುಹಾಕಿದರು. ಇನ್ನೇನು ಉಳಿಯಿತು ಎಂದು ಕೇಳಿದೆ. ಅವರು ಬಾಗಿಲಿನ ಒಳಗಡೆಯ ಚಿಲಕ ತೋರಿಸಿದರು. ಅದನ್ನು ಯಾರೂ ಹಾಕಿರಲಿಲ್ಲ. ಕ್ಯಾಸೆಟ್‌ಗಳಿಗೆ ಅದರ ಅಗತ್ಯವಿರಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಡಿಗೆಮನೆಯಿಂದ ಎಣ್ಣೆ ತಂದು ಹನಿ ಹನಿಯಾಗಿ ಬಿಟ್ಟೆ. ಲಟ್ಟಣಿಗೆಯ ತುದಿಯಿಂದ ಮೆಲ್ಲಗೆ ತಟ್ಟಿದೆ. ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು.

"ಸರೀರಿ ಅಕ್ಕಾರ, ಹೊರಗ ನಿಲ್ರಿ. ಹಾಕಿ ನೋಡ್ತೀನಿ" ಎಂದರು.

ನಾನೂ ಮಗಳೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ನಾನು ಹೊರಗಿನಿಂದ ಭುಜ ಕೊಟ್ಟು ತಳ್ಳಿದೆ. ಅಲುಗಲಿಲ್ಲ. ಆಗ ಸಂಜೆ ಆರು ಗಂಟೆ. ತೆರೆಯುತ್ತಾರೆಂದು ಮಗಳು ಸ್ವಲ್ಪ ಹೊತ್ತು ಕಾದಳು. ಒಳಗೆ ಬೀರು ತೆಗೆದ ಸದ್ದು, ಆಮೇಲೆ ಒಣ ಸೀರೆ ಕೊಡವಿದ ಸದ್ದು. ನಾನು ಎಣ್ಣೆ ಬಟ್ಟಲನ್ನು ಅಡಿಗೆಮನೆಯಲ್ಲಿ ತೊಳೆದು ಬೋರಲು ಹಾಕಿ, ನನ್ನ ಮನೆಗೆ ಬಂದೆ.